ಹದಿಹರೆಯದ ಸ್ಕೋಲಿಯೋಸಿಸ್: ಪತ್ತೆ, ಚಿಕಿತ್ಸೆ, ಮನೆಯವರ ಆಸರೆ

ಬೆಳೆಯುವ ವಯಸ್ಸಿನಲ್ಲಿ ಬೆನ್ನುಮೂಳೆ ಪಕ್ಕಕ್ಕೆ ಬಾಗುತ್ತ, ಜೊತೆಜೊತೆಗೆ ತಿರುಚಿಕೊಳ್ಳುವ ಸ್ಥಿತಿ ಇದು. ಬೆನ್ನು ಮುಂದಕ್ಕೆ ಬಾಗುವ ಗೂನು ಬೇರೆ, ಇದು ಬೇರೆ. ಎಕ್ಸ್‌ರೇಯಲ್ಲಿ ಅಳೆದಾಗ ಬಾಗು 10 ಡಿಗ್ರಿ ಮುಟ್ಟಿದ್ದರೆ ಮಾತ್ರ ಅದನ್ನು ಸ್ಕೋಲಿಯೋಸಿಸ್ ಎನ್ನುತ್ತಾರೆ. 10ರಿಂದ 18 ವರ್ಷದ ಮಕ್ಕಳಲ್ಲಿ ಸುಮಾರು ನೂರಕ್ಕೆ ಇಬ್ಬರು ಮೂವರಲ್ಲಿ ಕಾಣಿಸುತ್ತದೆ. ಸಣ್ಣ ಬಾಗು ಹುಡುಗರಲ್ಲೂ ಹುಡುಗಿಯರಲ್ಲೂ ಹೆಚ್ಚುಕಡಿಮೆ ಸಮನಾಗಿರುತ್ತದೆ. 30 ಡಿಗ್ರಿ ದಾಟುವಷ್ಟು ಬೆಳೆಯುವುದು ಹುಡುಗಿಯರಲ್ಲೇ ಹಲವು ಪಟ್ಟು ಹೆಚ್ಚು. ಮೈ ಬೆಳೆಯುವ ವೇಗವೇ ಬಾಗನ್ನೂ ಬೆಳೆಸುತ್ತದೆ. ಹೀಗಾಗಿ ಹನ್ನೊಂದರಿಂದ ಹದಿನಾಲ್ಕರವರೆಗಿನ ವರ್ಷಗಳು ನಿರ್ಣಾಯಕ. ಆ ವಯಸ್ಸಿನ ಮಗುವಿಗೆ ತನ್ನ ಮೈಯ ಬಗ್ಗೆ ಮೊದಲೇ ಸಂಕೋಚ. ಹಾಗಾಗಿ ಮೂಳೆಯ ಚಿಕಿತ್ಸೆಯಷ್ಟೇ ತೂಕ ಮನೆಯವರ ನಡವಳಿಕೆಗೂ ಇದೆ. ಇದು ಬರಿಯ ಸಾಂತ್ವನದ ಮಾತಲ್ಲ. ಮುಂದೆ ಬರುವ ಅಂಕಿಅಂಶಗಳು ಅದನ್ನೇ ಹೇಳುತ್ತವೆ.

ಕಾರಣ

ಹದಿಹರೆಯದಲ್ಲಿ ಕಾಣಿಸುವ ಹೆಚ್ಚಿನ ಪ್ರಕರಣಗಳಲ್ಲಿ ನಿರ್ದಿಷ್ಟ ಕಾರಣ ಸಿಗುವುದಿಲ್ಲ. ಅನುವಂಶೀಯತೆಯ ಪಾತ್ರವಿದೆ: ಒಬ್ಬರಿಗಿದ್ದರೆ ಅಕ್ಕತಂಗಿಯರಲ್ಲಿ, ಅಣ್ಣತಮ್ಮಂದಿರಲ್ಲಿ ಕಾಣುವ ಸಂಭವ ಹೆಚ್ಚು. ಹಾಗಾಗಿ ಬೆಳೆಯುತ್ತಿರುವ ಒಡಹುಟ್ಟಿದವರ ಬೆನ್ನನ್ನೂ ಒಮ್ಮೆ ನೋಡಿಸುವುದು ಜಾಣತನ. ಶಾಲೆಯ ಚೀಲದ ಭಾರ, ಬಗ್ಗಿ ಕೂರುವ ಅಭ್ಯಾಸ, ಮೊಬೈಲು, ಒಂದೇ ಮಗ್ಗುಲಲ್ಲಿ ಮಲಗುವುದು, ಎಳವೆಯಲ್ಲಿ ಎಣ್ಣೆ ನೀವುವಾಗ ಆದ ಎಡವಟ್ಟು ಇವು ಯಾವುವೂ ಸ್ಕೋಲಿಯೋಸಿಸ್ ತರುವುದಿಲ್ಲ. ಚೀಲದ ತೂಕ ಮಗುವಿನ ತೂಕದ ಶೇ. 10 ಮೀರಬಾರದೆಂದು 2020ರ ರಾಷ್ಟ್ರೀಯ ಶಾಲಾ ಚೀಲ ನೀತಿ ಹೇಳುತ್ತದೆ. ಅದು ಬೆನ್ನುನೋವು, ಆಯಾಸಗಳ ದೃಷ್ಟಿಯಿಂದ ಒಳ್ಳೆಯದೇ. ಆದರೆ ಈ ಬಾಗಿಗೂ ಅದಕ್ಕೂ ನಂಟಿಲ್ಲ. ಇದನ್ನು ಮೊದಲ ದಿನವೇ ಮಗುವಿಗೆ ಬಾಯಿಬಿಟ್ಟು ಹೇಳಬೇಕು. ‘ನೆಟ್ಟಗೆ ಕೂತ್ಕೋ ಅಂತ ಎಷ್ಟು ಸಲ ಹೇಳಿದೆ’ ಎಂಬ ಹಳೆಯ ಗದರಿಕೆ ಮಗುವಿನ ನೆನಪಿನಲ್ಲಿ ಇದ್ದೇ ಇರುತ್ತದೆ. ರೋಗದ ಹೆಸರು ಕೇಳಿದ ಕ್ಷಣ ತಪ್ಪು ತನ್ನದೇ ಎಂದು ಅದು ತೀರ್ಮಾನಿಸಿಬಿಡುತ್ತದೆ. ತಾಯಂದಿರಲ್ಲೂ ಇಂಥದೇ ಅಪರಾಧಭಾವ ಹುಟ್ಟುತ್ತದೆ. ಎರಡಕ್ಕೂ ಆಧಾರವಿಲ್ಲ.

ಪತ್ತೆ

ನೋವು ಸಾಮಾನ್ಯವಾಗಿ ಇರುವುದಿಲ್ಲ, ಇದ್ದರೂ ಅಲ್ಪ. ಹಾಗಾಗಿ ಬಾಗು ಸದ್ದಿಲ್ಲದೆ ಬೆಳೆದಿರುತ್ತದೆ. ಒಂದು ಭುಜ ಮೇಲೆ, ಒಂದು ಕೆಳಗೆ. ಒಂದು ಕಡೆಯ ಹೆಗಲಮೂಳೆ ಉಬ್ಬಿರುವುದು. ಸೊಂಟದ ಗೆರೆ ಎರಡು ಬದಿಗೂ ಒಂದೇ ತರಹ ಇಲ್ಲದಿರುವುದು. ಲಂಗದ ಅಂಚು ಒಂದು ಕಡೆ ಎತ್ತಿ ನಿಲ್ಲುವುದು. ಎಷ್ಟೋ ಸಲ ಇದು ಮೊದಲು ಕಣ್ಣಿಗೆ ಬೀಳುವುದು ಸಮವಸ್ತ್ರದ ಅಳತೆ ತೆಗೆಯುವ ದರ್ಜಿಗೆ ಅಥವಾ ಹಿಂದೆ ಕೂತು ಜಡೆ ಹೆಣೆಯುವ ಅಜ್ಜಿಗೆ. ಹತ್ತು ದಾಟಿದ ಮಕ್ಕಳು ಹೆತ್ತವರ ಎದುರು ಬಟ್ಟೆ ಬದಲಿಸುವುದಿಲ್ಲ. ತಡವಾಗಿ ಗೊತ್ತಾಯಿತೆಂದು ಯಾರೂ ತಮ್ಮನ್ನು ಹಳಿದುಕೊಳ್ಳಬೇಕಿಲ್ಲ.

ಸರಳ ಪರೀಕ್ಷೆಯನ್ನು ವಿವರಿಸಿದವನು ಇಂಗ್ಲೆಂಡಿನ ಶಸ್ತ್ರವೈದ್ಯ ವಿಲಿಯಂ ಆಡಮ್ಸ್, 1865ರಲ್ಲಿ. ಪಾದ ಜೋಡಿಸಿ, ಮಂಡಿ ಮಡಚದೆ, ಅಂಗೈಗಳನ್ನು ಜೋಡಿಸಿಕೊಂಡು ಮುಂದಕ್ಕೆ ಬಾಗಿದಾಗ ಪಕ್ಕೆಲುಬುಗಳು ಒಂದು ಕಡೆ ದಿಬ್ಬವಾಗಿ ಎದ್ದರೆ ಬೆನ್ನುಮೂಳೆ ತಿರುಚಿದೆ ಎಂದರ್ಥ. ಮುಂದಿನದು ನಿಂತ ಭಂಗಿಯ ಎಕ್ಸ್‌ರೇ. ಬಾಗನ್ನು ಅಳೆಯುವ ಕ್ರಮವನ್ನು ಅಮೆರಿಕದ ಜಾನ್ ಕಾಬ್ 1948ರಲ್ಲಿ ಕೊಟ್ಟ. ಇಂದಿಗೂ ಅದನ್ನು ಕಾಬ್ ಕೋನ ಎನ್ನುತ್ತಾರೆ. ಮನೆಯವರು ತಿಳಿದಿರಬೇಕಾದ ವಿಷಯವೊಂದಿದೆ: ಈ ಅಳತೆಯಲ್ಲಿ ಸುಮಾರು 5 ಡಿಗ್ರಿಯಷ್ಟು ಏರುಪೇರು ಸಹಜ. ಕಳೆದ ಸಲ 24 ಇದ್ದದ್ದು ಈಗ 27 ಎಂದು ಬಂದರೆ ಬಾಗು ಬೆಳೆದಿದೆ ಎಂದು ಅದೊಂದರಿಂದಲೇ ಹೇಳಲಾಗದು. ಇದು ಗೊತ್ತಿಲ್ಲದೆ ಪ್ರತಿ ಎಕ್ಸ್‌ರೇಯ ರಾತ್ರಿ ಮನೆಯಿಡೀ ನಿದ್ದೆಗೆಡುತ್ತದೆ, ಮಗು ಆ ಅಂಕೆಯನ್ನೇ ಪರೀಕ್ಷೆಯ ಅಂಕದಂತೆ ಹೊತ್ತು ತಿರುಗುತ್ತದೆ.

ಸೊಂಟದ ಮೂಳೆಯ ಅಂಚು ಎಷ್ಟು ಬಲಿತಿದೆ ಎಂದು ನೋಡಿ 0ಯಿಂದ 5ರವರೆಗೆ ದರ್ಜೆ ಕೊಡುವ ರಿಸ್ಸರ್ ಗುರುತು, ಹುಡುಗಿಯರಲ್ಲಿ ಮುಟ್ಟು ಶುರುವಾದ ತಿಂಗಳು, ಇವು ಇನ್ನೆಷ್ಟು ಬೆಳವಣಿಗೆ ಬಾಕಿ ಇದೆ ಎಂದು ತಿಳಿಸುತ್ತವೆ. ಪದೇ ಪದೇ ಎಕ್ಸ್‌ರೇ ಬೇಕಾಗುವುದರಿಂದ, ಕಿರಣ ಬೆನ್ನಿನ ಕಡೆಯಿಂದ ಹಾಯುವಂತೆ ತೆಗೆಯುವುದು ವಾಡಿಕೆ. ಎದೆಯ ಭಾಗಕ್ಕೆ ಬೀಳುವ ವಿಕಿರಣ ಇದರಿಂದ ತಗ್ಗುತ್ತದೆ. ರಾತ್ರಿ ಎಬ್ಬಿಸುವ ನೋವು, ಕಾಲಿನಲ್ಲಿ ಶಕ್ತಿಗುಂದುವುದು, ಮಲಮೂತ್ರದ ಹಿಡಿತ ತಪ್ಪುವುದು, ಎದೆಯ ಭಾಗದಲ್ಲಿ ಎಡಕ್ಕೆ ವಾಲಿದ ಬಾಗು ಇದ್ದರೆ ಬೇರೆ ಕಾರಣ ಹುಡುಕಲು ಎಂಆರ್‌ಐ ಮಾಡಿಸುತ್ತಾರೆ.

ತಪಾಸಣಾ ಕೋಣೆಯೊಳಗೆ

ಈ ಭಾಗವನ್ನು ವೈದ್ಯಗ್ರಂಥಗಳು ಎರಡು ಸಾಲಲ್ಲಿ ದಾಟಿಸಿಬಿಡುತ್ತವೆ. ಮಕ್ಕಳು ಮರೆಯದಿರುವುದು ಇದನ್ನೇ. ಬೆನ್ನು ನೋಡಲು ಮೇಲಂಗಿ ತೆಗೆಯಬೇಕು. ಹನ್ನೆರಡು ಹದಿಮೂರರ ಹುಡುಗಿ ಅಪರಿಚಿತರ ಎದುರು ಹಾಗೆ ನಿಲ್ಲುವುದು ಚಿಕ್ಕ ಮಾತಲ್ಲ. ಹಿಂಬದಿ ತೆರೆದ ಗೌನು ಕೊಡಿ, ಮಹಿಳಾ ಸಿಬ್ಬಂದಿ ಜೊತೆಯಲ್ಲಿರಲಿ, ವಿದ್ಯಾರ್ಥಿಗಳ ಗುಂಪು ಹೊರಗಿರಲಿ, ಫೋಟೋ ತೆಗೆಯುವ ಮುನ್ನ ಅವಳನ್ನೇ ಕೇಳಿ ಎಂದು ಹೇಳುವ ಹಕ್ಕು ಮನೆಯವರಿಗಿದೆ. ಹುಡುಗರಿಗೂ ಇದೇ ಮರ್ಯಾದೆ ಸಲ್ಲಬೇಕು.

ಮತ್ತೊಂದು ವಿಷಯ: ವೈದ್ಯರು ಅಪ್ಪನ ಮುಖ ನೋಡಿ ಮಾತಾಡುತ್ತಾರೆ, ಮಗು ಪಕ್ಕದಲ್ಲಿ ಕೂತು ಕೇಳಿಸಿಕೊಳ್ಳುತ್ತದೆ. ಭೇಟಿಯ ಹಿಂದಿನ ದಿನ ಮಗುವಿನಿಂದಲೇ ನಾಲ್ಕು ಪ್ರಶ್ನೆ ಬರೆಸಿ, ಒಳಗೆ ಅದೇ ಮೊದಲು ಕೇಳಲಿ. ಡಾನ್ಸ್ ಬಿಡಬೇಕಾ, ಕಬಡ್ಡಿ ಆಡಬಹುದಾ, ಎಲ್ಲರಿಗೂ ಕಾಣಿಸುತ್ತದಾ ಎಂಬ ಪ್ರಶ್ನೆಗಳು ದೊಡ್ಡವರಿಗೆ ಹೊಳೆಯುವುದೇ ಇಲ್ಲ. ಅಂದಹಾಗೆ, ಆಟವಾಡಲು ಸಾಮಾನ್ಯವಾಗಿ ಅಡ್ಡಿಯಿಲ್ಲ. ಓಟದ ವಿಶ್ವದಾಖಲೆಗಾರ ಉಸೇನ್ ಬೋಲ್ಟ್‌ಗೆ ಸ್ಕೋಲಿಯೋಸಿಸ್ ಇದೆ. ಅಮೆರಿಕದ ಟೆನಿಸ್ ಆಟಗಾರ ಜೇಮ್ಸ್ ಬ್ಲೇಕ್ ಹದಿಹರೆಯದ ವರ್ಷಗಳನ್ನು ಬೆನ್ನನ್ನು ಹಿಡಿದಿಡುವ ಕವಚ, ಅಂದರೆ ಬ್ರೇಸ್, ತೊಟ್ಟೇ ಕಳೆದ.

ಬ್ರೇಸ್

25 ಡಿಗ್ರಿಗಿಂತ ಕಡಿಮೆ ಇದ್ದರೆ ನಾಲ್ಕಾರು ತಿಂಗಳಿಗೊಮ್ಮೆ ನೋಡುತ್ತ ಕಾಯುವುದು. 25ರಿಂದ 40–45ರವರೆಗೆ, ಬೆಳವಣಿಗೆ ಬಾಕಿ ಇದ್ದರೆ, ಬ್ರೇಸ್. ಅದನ್ನೂ ದಾಟಿ 45–50ರ ಆಸುಪಾಸಿಗೆ ಬಂದರೆ ಶಸ್ತ್ರಚಿಕಿತ್ಸೆಯ ಮಾತು. ಬ್ರೇಸ್ ಇರುವ ಬಾಗನ್ನು ತೆಗೆಯಲು ಅಲ್ಲ, ಬೆಳೆಯದಂತೆ ತಡೆಯಲು. ಇದನ್ನು ಮೊದಲೇ ತಿಳಿಸದಿದ್ದರೆ ಎರಡು ವರ್ಷ ಕಷ್ಟಪಟ್ಟು ತೊಟ್ಟ ಮಗು ಕೊನೆಗೆ ಮೋಸ ಹೋದಂತೆ ಕುಸಿಯುತ್ತದೆ.

1940ರ ದಶಕದಲ್ಲಿ ಬಂದ ಮಿಲ್ವಾಕೀ ಬ್ರೇಸ್‌ನಲ್ಲಿ ಲೋಹದ ಸರಳುಗಳು ಗದ್ದದವರೆಗೆ ಏರುತ್ತಿದ್ದವು. ಜೂಡಿ ಬ್ಲೂಮ್ 1973ರಲ್ಲಿ ಬರೆದ ‘ಡೀನಿ’ ಕಾದಂಬರಿಯ ಹುಡುಗಿ ತೊಡುವುದು ಅದನ್ನೇ. ಮಗಳನ್ನು ರೂಪದರ್ಶಿ ಮಾಡುವ ತಾಯಿಯ ಕನಸಿನ ಭಾರವೂ ಅವಳ ಮೇಲಿದೆ. 1970ರ ದಶಕದ ಬಾಸ್ಟನ್ ಬ್ರೇಸ್‌ನಿಂದೀಚೆಗೆ ಹೆಚ್ಚಿನವು ಪ್ಲಾಸ್ಟಿಕ್ ಕವಚಗಳು. ತೋಳಿನ ಕೆಳಗೆ ನಿಂತು ಅಂಗಿಯೊಳಗೆ ಅಡಗುತ್ತವೆ.

ಬ್ರೇಸ್ ನಿಜಕ್ಕೂ ಕೆಲಸ ಮಾಡುತ್ತದೆಯೇ ಎಂಬ ಅನುಮಾನ ವೈದ್ಯರಲ್ಲೇ ಬಹುಕಾಲ ಉಳಿದಿತ್ತು. ಅಮೆರಿಕದ ಐಯೋವಾ ವಿಶ್ವವಿದ್ಯಾಲಯದ ಸ್ಟುವರ್ಟ್ ವೈನ್‌ಸ್ಟೀನ್, ಲೋರಿ ಡೋಲನ್ ಮತ್ತು ಸಂಗಡಿಗರು ಅಮೆರಿಕ ಹಾಗೂ ಕೆನಡಾದ 25 ಕೇಂದ್ರಗಳಲ್ಲಿ ನಡೆಸಿ 2013ರಲ್ಲಿ ಪ್ರಕಟಿಸಿದ ಬ್ರೈಸ್ಟ್ ಅಧ್ಯಯನ ಅದನ್ನು ಬಹುಮಟ್ಟಿಗೆ ನಿವಾರಿಸಿತು. ಲೆಕ್ಕಕ್ಕೆ ಸಿಕ್ಕ 242 ಮಕ್ಕಳಲ್ಲಿ, ಚೀಟಿ ಎತ್ತಿದಂತೆ ಯಾವ ಗುಂಪಿಗೆ ಬಿದ್ದರೂ ಒಪ್ಪುತ್ತೇವೆ ಎಂದವರು 116 ಮಾತ್ರ. ಉಳಿದ 126 ಮಕ್ಕಳ ಮನೆಯವರು ಬ್ರೇಸ್ ಬೇಕೋ ಬೇಡವೋ ಎಂದು ತಾವೇ ಆರಿಸಿಕೊಂಡರು. ಬೆಳವಣಿಗೆ ಮುಗಿಯುವಷ್ಟರಲ್ಲಿ ಬಾಗು 50 ಡಿಗ್ರಿ ಮುಟ್ಟದೆ ಉಳಿದವರು ಬ್ರೇಸ್ ತೊಟ್ಟವರಲ್ಲಿ ಶೇ. 72, ತೊಡದವರಲ್ಲಿ ಶೇ. 48. ಲಾಭ ಸ್ಪಷ್ಟವಾದ್ದರಿಂದ ಅಧ್ಯಯನವನ್ನು ಅವಧಿಗೆ ಮುನ್ನವೇ ನಿಲ್ಲಿಸಲಾಯಿತು. ಬ್ರೇಸಿನೊಳಗೆ ಮೈಬಿಸಿ ಗುರುತಿಸುವ ಸೆನ್ಸರ್ ಇಟ್ಟು ತೊಟ್ಟ ಗಂಟೆಗಳನ್ನು ಎಣಿಸಿದ್ದರು. ದಿನಕ್ಕೆ ಸರಾಸರಿ 12.9 ಗಂಟೆ ಅಥವಾ ಹೆಚ್ಚು ತೊಟ್ಟವರಲ್ಲಿ ಯಶಸ್ಸು ಶೇ. 90ರಿಂದ 93. ತೊಡದ ಗುಂಪಿನಲ್ಲೂ ಅರ್ಧದಷ್ಟು ಮಕ್ಕಳಿಗೆ ತೊಂದರೆಯಾಗಲಿಲ್ಲ ಎಂಬುದನ್ನೂ ಮುಚ್ಚಿಡಬಾರದು. ಯಾರಿಗೆ ಆದೀತು, ಯಾರಿಗೆ ಆಗದು ಎಂದು ಮುಂಚಿತವಾಗಿ ಖಚಿತವಾಗಿ ಹೇಳಲು ಬರುವುದಿಲ್ಲ, ಅದಕ್ಕೇ ತೊಡಿಸುವುದು.

ಹಾಗಾದರೆ ಗಂಟೆಗಳನ್ನು ತುಂಬಿಸುವುದು ಹೇಗೆ? ಟೆಕ್ಸಾಸ್‌ನಲ್ಲಿ ಲೋರಿ ಕ್ಯಾರೊಲ್ ಮತ್ತು ಸಂಗಡಿಗರು 2016ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಉತ್ತರ ಕೊಡುತ್ತದೆ. ಒಂದು ಗುಂಪಿನ ಮಕ್ಕಳಿಗೆ ಸೆನ್ಸರ್ ಇರುವುದನ್ನು ತಿಳಿಸಿ, ಪ್ರತಿ ಭೇಟಿಯಲ್ಲೂ ಅವರು ತೊಟ್ಟ ಗಂಟೆಗಳ ಲೆಕ್ಕವನ್ನು ಅವರಿಗೇ ತೋರಿಸಿ ಮಾತಾಡಿದರು. ಇನ್ನೊಂದು ಗುಂಪಿಗೆ ಹೇಳಲಿಲ್ಲ. ಮೊದಲ ಗುಂಪು ದಿನಕ್ಕೆ ಸರಾಸರಿ 13.8 ಗಂಟೆ ತೊಟ್ಟಿತು, ಎರಡನೆಯದು 10.8. ಬ್ರೇಸ್ ಅದೇ, ಮಕ್ಕಳೂ ಅಂಥವರೇ. ವ್ಯತ್ಯಾಸ ತಂದದ್ದು ಅವರನ್ನು ಲೆಕ್ಕದಲ್ಲಿ ಪಾಲುದಾರರನ್ನಾಗಿ ಮಾಡಿಕೊಂಡದ್ದು. ಬಾಗಿಲ ಸಂದಿಯಿಂದ ಇಣುಕಿ ‘ತೊಟ್ಟಿದ್ದೀಯಾ’ ಎಂದು ದಿನಕ್ಕೆ ಹತ್ತು ಸಲ ಕೇಳುವ ಮನೆಗಳು ಈ ಅಂಕೆಗಳನ್ನು ಗಮನಿಸಬೇಕು. ಲೆಕ್ಕದ ಪುಸ್ತಕ ಮಗುವಿನ ಕೈಯಲ್ಲಿರಲಿ. ವಾರಕ್ಕೊಮ್ಮೆ ಜೊತೆ ಕೂತು ನೋಡಿದರೆ ಸಾಕು. ಮದುವೆಮನೆಗೆ ಹೋಗುವ ದಿನ ಬಿಚ್ಚಿಡಬೇಕೆಂದರೆ ಆ ಗಂಟೆಗಳನ್ನು ಎಲ್ಲಿ ಸರಿದೂಗಿಸುವುದೆಂದು ಅದೇ ತೀರ್ಮಾನಿಸಲಿ.

ದಿನಚರಿಯ ತೊಡಕುಗಳು ಸಣ್ಣವು, ಆದರೆ ಅವೇ ಬ್ರೇಸನ್ನು ಮೂಲೆಗೆ ತಳ್ಳುವುದು. ಒಳಗೆ ಹೊಲಿಗೆ ಒತ್ತದ, ಮೈಗಂಟುವ ಹತ್ತಿಯ ಬನಿಯನ್ ಬೇಕು. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ದಿನಕ್ಕೆ ಎರಡು ಮೂರು ಬದಲಿಸಬೇಕಾಗುತ್ತದೆ. ಬಿಚ್ಚಿದ ಅರ್ಧ ಗಂಟೆಯೊಳಗೆ ಮಾಯವಾಗುವ ಕೆಂಪು ಗುರುತು ಸಹಜ. ಗುಳ್ಳೆ ಎದ್ದರೆ, ಚರ್ಮ ಸುಲಿದರೆ ತಯಾರಿಸಿದವರಲ್ಲಿಗೆ ಒಯ್ದು ಸರಿಪಡಿಸಬೇಕು. ಹೊಟ್ಟೆ ಒತ್ತುವುದರಿಂದ ಒಮ್ಮೆಗೇ ಹೊಟ್ಟೆ ತುಂಬ ಉಣ್ಣಲಾಗದು, ಸ್ವಲ್ಪ ಸ್ವಲ್ಪವಾಗಿ ಹಲವು ಸಲ ಕೊಡಬೇಕು. ನೆಲದ ಮೇಲೆ ಪಂಕ್ತಿಯಲ್ಲಿ ಕೂರುವುದು, ಕುಕ್ಕರುಗಾಲಿನ ಪಾಯಿಖಾನೆ ಬಳಸುವುದು ಕಷ್ಟ. ಶಾಲೆಯಲ್ಲಿ ಏನು ವ್ಯವಸ್ಥೆ ಇದೆಯೆಂದು ಮೊದಲೇ ವಿಚಾರಿಸಿಡಬೇಕು. ಮುಖ್ಯೋಪಾಧ್ಯಾಯರಿಗೆ, ಪಿ.ಟಿ. ಮೇಷ್ಟರಿಗೆ ತಿಳಿಸಿ. ತರಗತಿಯಲ್ಲಿ ಯಾರಿಗೆ ಹೇಳುವುದು ಎಂಬುದನ್ನು ಮಾತ್ರ ಮಗುವಿಗೇ ಬಿಡಿ. ಆಪ್ತ ಗೆಳತಿಯೊಬ್ಬಳಿಗೆ ಗೊತ್ತಿದ್ದರೆ ಅರ್ಧ ಭಾರ ಇಳಿಯುತ್ತದೆ.

ಬಂಧುಗಳ ಬಾಯಿ ಬೇರೆಯೇ ಸಮಸ್ಯೆ. ‘ಯಾರಿಗೂ ಗೊತ್ತಾಗದ ಹಾಗೆ ನೋಡ್ಕೊಳ್ಳಿ, ನಾಳೆ ಗಂಡು ಸಿಗಬೇಕಲ್ಲ’ ಎಂಬ ಮಾತು ಹದಿಮೂರರ ಹುಡುಗಿಯ ಕಿವಿಗೆ ಬೀಳುತ್ತದೆ. ಅದನ್ನು ಅವಳೆದುರೇ, ಅದೇ ಕ್ಷಣ ತಡೆಯಬೇಕು.

ವ್ಯಾಯಾಮ, ನಾಟಿ ಚಿಕಿತ್ಸೆ

ಜರ್ಮನಿಯ ಕಥರೀನಾ ಶ್ರೋತ್ ತಾನೇ ಸ್ಕೋಲಿಯೋಸಿಸ್ ಇದ್ದು ಹದಿಹರೆಯದಲ್ಲಿ ಉಕ್ಕಿನ ಕವಚ ತೊಟ್ಟವಳು. ಬಾಗಿನ ಒಳಬದಿಗೆ ಉಸಿರು ತುಂಬುವ ವ್ಯಾಯಾಮಗಳನ್ನು ರೂಪಿಸಿ 1921ರಲ್ಲಿ ಮೈಸೆನ್ ಊರಿನಲ್ಲಿ ಕೇಂದ್ರ ತೆರೆದಳು. ಆ ಕ್ರಮದಲ್ಲಿ ತರಬೇತಾದ ಫಿಸಿಯೋಥೆರಪಿಸ್ಟ್ ಸಿಕ್ಕರೆ ಬ್ರೇಸಿನ ಜೊತೆಗೆ ಅದು ನೆರವಾಗುತ್ತದೆ, ಬ್ರೇಸಿಗೆ ಬದಲಿಯಾಗಿ ಅಲ್ಲ. ಯೋಗ, ಈಜು ಮೈಗೂ ಮನಸ್ಸಿಗೂ ಹಿತ. ಬಾಗನ್ನು ನೇರ ಮಾಡುತ್ತವೆ ಎಂಬ ಭರವಸೆ ಸಲ್ಲದು. ಎಣ್ಣೆ ನೀವುವುದರಿಂದ, ಎಳೆದು ತಿರುವುವುದರಿಂದ ಬಾಗು ನಿಲ್ಲುವುದಿಲ್ಲ. ಅದರಲ್ಲಿ ಕಳೆಯುವ ಆರು ತಿಂಗಳು ಬ್ರೇಸಿಗೆ ಅತಿ ಬೆಲೆಬಾಳುವ ಆರು ತಿಂಗಳೇ ಆಗಿರಬಹುದು.

ಶಸ್ತ್ರಚಿಕಿತ್ಸೆ

ಹ್ಯೂಸ್ಟನ್‌ನ ಪಾಲ್ ಹ್ಯಾರಿಂಗ್ಟನ್ ಪೋಲಿಯೋದಿಂದ ಬೆನ್ನು ಬಾಗಿದ ಮಕ್ಕಳಿಗಾಗಿ ಲೋಹದ ಸರಳು ರೂಪಿಸಿ 1962ರಲ್ಲಿ ಅದರ ಫಲಿತಾಂಶ ಪ್ರಕಟಿಸಿದ. ಈಗ ಕಶೇರುಗಳಿಗೆ ತಿರುಪು ಕೂರಿಸಿ, ಎರಡು ಸರಳು ಜೋಡಿಸಿ, ಆ ಭಾಗದ ಮೂಳೆಗಳು ಒಂದಾಗಿ ಬೆಸೆಯುವಂತೆ ಮಾಡುತ್ತಾರೆ. ಶಸ್ತ್ರಕ್ರಿಯೆಯ ಉದ್ದಕ್ಕೂ ಬೆನ್ನುಹುರಿಯ ಸಂಕೇತಗಳನ್ನು ಯಂತ್ರ ಗಮನಿಸುತ್ತಿರುತ್ತದೆ. ಈ ಸೌಲಭ್ಯ ಇದೆಯೇ ಎಂದು ಆಸ್ಪತ್ರೆ ಆರಿಸುವಾಗಲೇ ಕೇಳಬೇಕು. ನರಕ್ಕೆ ಪೆಟ್ಟಾಗುವ ಅಪಾಯ ಕಡಿಮೆ, ಆದರೆ ಇಲ್ಲವೇ ಇಲ್ಲ. ಮಗು ಕೇಳಿದರೆ ಹಾಗೆಯೇ ಹೇಳಬೇಕು.

ಸಾಮಾನ್ಯವಾಗಿ ಮರುದಿನವೇ ಎಬ್ಬಿಸಿ ನಿಲ್ಲಿಸುತ್ತಾರೆ, ವಾರದೊಳಗೆ ಮನೆಗೆ ಕಳಿಸುತ್ತಾರೆ. ಮೊದಲ ಎರಡು ವಾರ ಕಠಿಣ: ನೋವು, ನಿದ್ದೆಗೇಡು, ಔಷಧಿಯಿಂದ ಮಲಬದ್ಧತೆ, ಕಾರಣವಿಲ್ಲದೆ ಉಕ್ಕುವ ಅಳು. ಮನಸ್ಸು ಕುಗ್ಗುವುದು ಹೀಗೆ ಬಂದು ಹೋಗುವಂಥದು ಎಂದು ಮೊದಲೇ ಹೇಳಿಟ್ಟಿದ್ದರೆ ಮಗು ಗಾಬರಿಯಾಗುವುದಿಲ್ಲ. ವಾರಗಟ್ಟಲೆ ಇಳಿಯದಿದ್ದರೆ ಆಪ್ತಸಮಾಲೋಚಕರನ್ನು ಕಾಣಬೇಕು. ಶಾಲೆಗೆ ಮರಳಲು ಮೂರರಿಂದ ಆರು ವಾರ, ಜೋರಾದ ಆಟಕ್ಕೆ ಹಲವು ತಿಂಗಳು ಹಿಡಿಯುತ್ತದೆ. ಎಸ್‌ಎಸ್‌ಎಲ್‌ಸಿ, ಪಿಯು ಪರೀಕ್ಷೆಗಳ ದಿನಾಂಕ ನೋಡಿಕೊಂಡು ಶಸ್ತ್ರಚಿಕಿತ್ಸೆಯ ದಿನ ಗೊತ್ತುಮಾಡುವುದು ಸಾಧ್ಯವಿದ್ದರೆ ಒಳ್ಳೆಯದು. ಬಾಗು ವೇಗವಾಗಿ ಏರುತ್ತಿದ್ದರೆ ಮಾತ್ರ ಪರೀಕ್ಷೆಗಾಗಿ ಕಾಯುವುದು ತರವಲ್ಲ. ಬ್ರಿಟನ್ನಿನ ರಾಜಕುಮಾರಿ ಯೂಜೆನಿಗೆ 2002ರಲ್ಲಿ, ಹನ್ನೆರಡನೆಯ ವಯಸ್ಸಿನಲ್ಲಿ, ಈ ಶಸ್ತ್ರಚಿಕಿತ್ಸೆ ನಡೆಯಿತು. 2018ರ ತನ್ನ ಮದುವೆಗೆ ಆಕೆ ಬೆನ್ನಿನ ಗಾಯದ ಗೆರೆ ಕಾಣುವಂಥ ಉಡುಪನ್ನೇ ಕೇಳಿ ಹೊಲಿಸಿಕೊಂಡಳು.

ಮುಂದಿನ ಬದುಕು

ಚಿಕಿತ್ಸೆಯನ್ನೇ ಪಡೆಯದವರನ್ನು ಐಯೋವಾದಲ್ಲಿ 50 ವರ್ಷ ಹಿಂಬಾಲಿಸಿದ ಅಧ್ಯಯನ 2003ರಲ್ಲಿ ಪ್ರಕಟವಾಯಿತು. ಬೆನ್ನುನೋವು ಉಳಿದವರಿಗಿಂತ ಹೆಚ್ಚಿತ್ತು, ಮೈಯ ಆಕಾರದ ಬಗ್ಗೆ ಕೊರಗು ಇತ್ತು. ಆದರೆ ಅವರಲ್ಲಿ ಹೆಚ್ಚಿನವರು ದುಡಿದು, ಸಂಸಾರ ನಡೆಸಿ, ಎಲ್ಲರಂತೆ ಬಾಳಿದ್ದರು. 30 ಡಿಗ್ರಿಯೊಳಗಿನ ಬಾಗು ಬೆಳವಣಿಗೆ ಮುಗಿದ ಮೇಲೆ ಸಾಮಾನ್ಯವಾಗಿ ಏರುವುದಿಲ್ಲ. 50 ದಾಟಿದ್ದು ವರ್ಷಕ್ಕೆ ಸುಮಾರು ಒಂದು ಡಿಗ್ರಿಯಂತೆ ಏರುತ್ತ ಹೋಗಬಹುದು. ಬ್ರೇಸ್ ತೊಟ್ಟವರೂ ಶಸ್ತ್ರಚಿಕಿತ್ಸೆ ಆದವರೂ ಗರ್ಭ ಧರಿಸಬಹುದು, ಹೆಚ್ಚಿನವರಿಗೆ ಸಹಜ ಹೆರಿಗೆಯೂ ಆಗುತ್ತದೆ. ಸೊಂಟದವರೆಗೆ ಸರಳು ಇಳಿದಿದ್ದರೆ ಬೆನ್ನಿಗೆ ಚುಚ್ಚುವ ಅರಿವಳಿಕೆ ಕಷ್ಟವಾಗಬಹುದಾದ್ದರಿಂದ ಅರಿವಳಿಕೆ ತಜ್ಞರಿಗೆ ಮೊದಲೇ ತಿಳಿಸಬೇಕು. ಹದಿನೆಂಟು ತುಂಬುವಾಗ ಮೊದಲ ಮತ್ತು ಕೊನೆಯ ಎಕ್ಸ್‌ರೇ, ಶಸ್ತ್ರಚಿಕಿತ್ಸೆಯ ಟಿಪ್ಪಣಿ, ಯಾವ ಕಶೇರುವಿನಿಂದ ಯಾವುದರವರೆಗೆ ಬೆಸೆದಿದೆ ಮತ್ತು ಒಳಗಿರುವ ಲೋಹ ಯಾವುದು ಎಂಬ ವಿವರ ಇರುವ ಕಡತವನ್ನು ಮಗುವಿನ ಸ್ವಾಧೀನಕ್ಕೆ ಕೊಡಬೇಕು. ಮುಂದಿನ ಎಂಆರ್‌ಐಗಾಗಲಿ, ಹೆರಿಗೆಗಾಗಲಿ ಆ ಕಾಗದಗಳನ್ನು ಕೇಳುತ್ತಾರೆ.