ಸೊಂಟದ ನೋವು ಮತ್ತು ಸುಗಂಧ ತೈಲದ ಅಂಗಮರ್ದನ: ಒಂದು ಹಿನ್ನೋಟ



ಕೂಟದಲ್ಲಿ ವೈದ್ಯನೊಬ್ಬ ಕಣ್ಣಿಗೆ ಬಿದ್ದೊಡನೆ ನಮ್ಮ ಹಿರಿಯರು ಕೇಳುವ ಮೊದಲ ಪ್ರಶ್ನೆ ಸೊಂಟದ ನೋವಿನದು. ಅದರ ಬೆನ್ನಿಗೇ ಬರುವ ಎರಡನೆಯದು: "ಲ್ಯಾವೆಂಡರ್ ಎಣ್ಣೆಯ ಮಾಲೀಸು ಮಾಡಿಸಿಕೊಂಡರೆ ಗುಣವಾಗುತ್ತದೆಯೆ, ಡಾಕ್ಟರೆ?" ಇದಕ್ಕೆ ಒಂದೇ ಮಾತಿನಲ್ಲಿ ಉತ್ತರ ಹೇಳುವುದಕ್ಕಿಂತ, ಈ ಚಿಕಿತ್ಸೆ ನಡೆದುಬಂದ ದಾರಿಯನ್ನು ತಿಳಿಯುವುದು ಹೆಚ್ಚು ಉಪಯುಕ್ತ. ಇದರಲ್ಲಿ ಕೈ, ಎಣ್ಣೆ, ಗಂಧ ಎಂಬ ಮೂರು ಧಾರೆಗಳು ಕೂಡಿವೆ. ನೋವನ್ನು ತಗ್ಗಿಸುವುದು ಇವುಗಳಲ್ಲಿ ಯಾವುದು ಎಂಬುದೇ ನಿಜವಾದ ಪ್ರಶ್ನೆ.

ಕೈ ಮತ್ತು ಎಣ್ಣೆ ನಮಗೆ ಹೊಸತಲ್ಲ. ಚರಕಸಂಹಿತೆಯ ಸೂತ್ರಸ್ಥಾನವು ಅಭ್ಯಂಗವನ್ನು ದಿನಚರ್ಯೆಯಲ್ಲಿಯೇ ಸೇರಿಸಿದೆ. ದೀಪಾವಳಿಯ ಎಣ್ಣೆನೀರು, ಬಾಣಂತಿಗೆ ಎಣ್ಣೆ ಹಚ್ಚಿ ಮೈ ನೀವುವ ಪದ್ಧತಿ ಇವೆಲ್ಲ ಆ ಪರಂಪರೆಯವೇ. ಯೂರೋಪಿನಲ್ಲಿ 19ನೆಯ ಶತಮಾನದಲ್ಲಿ ಆಮ್‌ಸ್ಟರ್‌ಡಾಮಿನ ವೈದ್ಯ ಯೋಹಾನ್ ಜಾರ್ಜ್ ಮೆಟ್ಸ್ಗರ್ (1838–1909) ಅಂಗಮರ್ದನವನ್ನು ಕ್ರಮಬದ್ಧಗೊಳಿಸಿ, ಅದು ವೈದ್ಯರ ಗಮನಕ್ಕೆ ಅರ್ಹವಾದ ವಿದ್ಯೆಯೆಂದು ತೋರಿಸಿದನು.

ಗಂಧದ ಧಾರೆ ಹುಟ್ಟಿದ್ದು ಬೇರೆಡೆ. ಫ್ರಾನ್ಸಿನ ರಸಾಯನಶಾಸ್ತ್ರಜ್ಞ ರೆನೆ ಮಾರಿಸ್ ಗಾಟ್‌ಫೊಸೆ 1910ರಲ್ಲಿ ಪ್ರಯೋಗಾಲಯದ ಅವಘಡದಲ್ಲಿ ಸುಟ್ಟುಕೊಂಡನು. ಕೊಳೆಯತೊಡಗಿದ ಗಾಯಕ್ಕೆ ಲ್ಯಾವೆಂಡರ್ ಸಾರ ಹಾಕಿದ್ದರಿಂದ ಗುಣವಾಯಿತೆಂದು ಆತನೇ ಬರೆದಿದ್ದಾನೆ. 1937ರಲ್ಲಿ ಬಂದ ಅವನ ಗ್ರಂಥದ ಮೂಲಕ 'ಅರೋಮಾಥೆರಪಿ' ಎಂಬ ಹೆಸರು ಪ್ರಚಾರಕ್ಕೆ ಬಂತು. ಅದೇ ವಿಷಯವಾಗಿ 1964ರಲ್ಲಿ ಗ್ರಂಥ ಪ್ರಕಟಿಸಿದ ಝಾಂ ವಾಲ್ನೆ ಸೈನ್ಯದ ವೈದ್ಯನಾಗಿದ್ದವನು. ಈ ಇಬ್ಬರ ಗಮನವೂ ಮುಖ್ಯವಾಗಿ ಗಾಯ ಮತ್ತು ಸೋಂಕುಗಳ ಕಡೆಗಿತ್ತು. ಸೊಂಟದ ನೋವು ಅವರ ಹೊರಡುವ ನೆಲೆಯಾಗಿರಲಿಲ್ಲ. ಸುಗಂಧ ತೈಲವನ್ನು ಸಸ್ಯದ ಎಣ್ಣೆಯಲ್ಲಿ ತೆಳುಮಾಡಿ ಬೆನ್ನಹುರಿಯ ಉದ್ದಕ್ಕೂ ನೀವುವ ರೂಢಿಯನ್ನು ಬೆಳೆಸಿದವಳು ಮಾರ್ಗರೀಟ್ ಮೋರಿ. ಆಕೆಯ ಗ್ರಂಥ 1961ರಲ್ಲಿ ಹೊರಬಂತು. ಆಕೆಯ ಗುರಿ ಯೌವನ ಮತ್ತು ಸೌಂದರ್ಯದ ರಕ್ಷಣೆ. ಮೂರು ಧಾರೆಗಳು ಹೀಗೆ ಒಂದಾದವು.

ಇಲ್ಲಿ ನಮ್ಮ ನಾಡಿನ ಒಂದು ಪ್ರಸಂಗವನ್ನು ನೆನೆಯಬೇಕು. ಮೊದಲನೆಯ ಮಹಾಯುದ್ಧಕ್ಕೆ ಮುನ್ನ ಮೈಸೂರಿನ ಗಂಧದ ಮರ ಬಹುಪಾಲು ಜರ್ಮನಿಗೆ ಹೋಗಿ ಅಲ್ಲಿ ಎಣ್ಣೆಯಾಗುತ್ತಿತ್ತು. ಯುದ್ಧದಿಂದ ಆ ವ್ಯಾಪಾರ ನಿಂತಾಗ, ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದ 1916ರಲ್ಲಿ, ಸಂಸ್ಥಾನವೇ ಗಂಧದೆಣ್ಣೆಯನ್ನು ಬಟ್ಟಿ ಇಳಿಸತೊಡಗಿತು. ಆ ಕಾಲಕ್ಕೆ ಗಂಧದೆಣ್ಣೆ ಬರಿಯ ಪರಿಮಳದ್ರವ್ಯವಲ್ಲ. ಗೊನೋರಿಯಾ ರೋಗಕ್ಕೆ ಪಾಶ್ಚಾತ್ಯ ವೈದ್ಯರೇ ಕೊಡುತ್ತಿದ್ದ ಔಷಧ. ಸಲ್ಫಾ, ಪೆನಿಸಿಲಿನ್‌ಗಳು ಬಂದ ಮೇಲೆ ಆ ಬಳಕೆ ಅಳಿಯಿತು. ಪರಿಮಳ ಉಳಿಯಿತು, ಔಷಧವೆಂಬ ಪಟ್ಟ ಹೋಯಿತು.

ಸೊಂಟದ ನೋವಿನ ವಿಷಯದಲ್ಲೂ ಇದೇ ಪರೀಕ್ಷೆ ನಡೆಯಬೇಕು. 2004ರಲ್ಲಿ ಪ್ರಕಟವಾದ ಹಾಂಗ್‌ಕಾಂಗಿನ ಅಧ್ಯಯನವೊಂದರಲ್ಲಿ ರೋಗಿಗಳಿಗೆ 3 ವಾರಗಳಲ್ಲಿ 8 ಬಾರಿ ಮರ್ಮಬಿಂದುಗಳ ಪ್ರಚೋದನೆಯನ್ನೂ, ಲ್ಯಾವೆಂಡರ್ ತೈಲ ಹಚ್ಚಿ ಬೆರಳಿನಿಂದ ಒತ್ತುವ ಚಿಕಿತ್ಸೆಯನ್ನೂ ಮಾಡಲಾಯಿತು. ಅವರ ನೋವು, ಎಂದಿನ ಚಿಕಿತ್ಸೆ ಮಾತ್ರ ಪಡೆದವರಿಗಿಂತ, ಶೇಕಡಾ 39ರಷ್ಟು ಹೆಚ್ಚು ಇಳಿಯಿತು. ಸಂತೋಷದ ಫಲಿತಾಂಶವೇ, ಆದರೆ ತೈಲವಿಲ್ಲದೆ ಬರಿಗೈಯಿಂದ ಒತ್ತಿಸಿಕೊಂಡವರ ಗುಂಪು ಅಲ್ಲಿರಲಿಲ್ಲ. ಆದ್ದರಿಂದ ಕೀರ್ತಿ ಗಂಧದ್ದೋ ಕೈಯದೋ ಎಂದು ಅದರಿಂದ ಹೇಳಲಾಗದು. ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೊರತಂದ ದೀರ್ಘಕಾಲದ ಸೊಂಟನೋವಿನ ಮಾರ್ಗದರ್ಶಿಯು ರೋಗಿಗೆ ತಿಳಿವಳಿಕೆ, ವ್ಯಾಯಾಮಗಳ ಜೊತೆಗೆ ಮಾಲೀಸಿಗೂ ಎಡೆ ಕೊಟ್ಟಿದೆ. ಸೊಂಟಪಟ್ಟಿ ಮತ್ತು ಅಫೀಮಿನ ಜಾತಿಯ ಮಾತ್ರೆಗಳ ವಾಡಿಕೆಯ ಬಳಕೆ ಬೇಡವೆಂದಿದೆ.

ಆದುದರಿಂದ ನನ್ನ ಅಭಿಪ್ರಾಯವಿಷ್ಟು. ಈ ಚಿಕಿತ್ಸೆ ಪೂರಕವೇ ಹೊರತು ಪರ್ಯಾಯವಲ್ಲ. ಮಾಲೀಸಿನಿಂದ ಸ್ನಾಯು ಸಡಿಲಗೊಂಡು, ಮನಸ್ಸು ಹಗುರಾಗಿ, ರೋಗಿ ಎದ್ದು ನಡೆಯಲು ಮನಸ್ಸು ಮಾಡಿದರೆ ಅದು ಸಾರ್ಥಕ. ಮಾಲೀಸನ್ನೇ ನಂಬಿ ನಡೆಯುವುದನ್ನೂ ವ್ಯಾಯಾಮವನ್ನೂ ಬಿಟ್ಟರೆ ನಷ್ಟ. ಸುಗಂಧ ತೈಲವನ್ನು ತೆಳುಮಾಡದೆ ಹಚ್ಚಿದರೆ ಚರ್ಮ ಕೆರಳಬಹುದು. ನೀಲಗಿರಿ, ಕರ್ಪೂರದ ತೈಲಗಳನ್ನು ಮಕ್ಕಳು ಕುಡಿದರೆ ಪ್ರಾಣಾಪಾಯ. ಸೀಸೆಗಳು ಮೊಮ್ಮಕ್ಕಳ ಕೈಗೆ ಎಟುಕದಿರಲಿ.

ಕೊನೆಯದಾಗಿ, ಊರಿನಿಂದ ಬಂದಿರುವ ತಂದೆತಾಯಿಗಳ ಬಗ್ಗೆ ಒಂದು ಮಾತು. ವೈದ್ಯರ ಖರ್ಚಿಗೆ ಅಂಜಿ, ಮಕ್ಕಳಿಗೆ ತೊಂದರೆಯೆಂದು ಅವರು ನೋವನ್ನು ಎಣ್ಣೆಯಲ್ಲೇ ಮುಚ್ಚಿಡುವುದುಂಟು. ಕಾಲಿನ ಬಲ ಕುಗ್ಗಿದರೆ, ತೊಡೆಗಳ ನಡುವೆ ಸ್ಪರ್ಶ ತಿಳಿಯದಂತಾದರೆ, ಮಲಮೂತ್ರದ ಹಿಡಿತ ತಪ್ಪಿದರೆ, ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಿರಿ. ಜ್ವರ ಬಂದರೂ, ಬಿದ್ದ ಮೇಲೆ ನೋವು ಶುರುವಾದರೂ, ಕಾರಣವಿಲ್ಲದೆ ಮೈ ಇಳಿದರೂ, ಹಿಂದೆ ಕ್ಯಾನ್ಸರ್ ಇದ್ದರೂ ತಡಮಾಡದೆ ವೈದ್ಯರಿಗೆ ತೋರಿಸಿರಿ. ಅಭ್ಯಂಗ ಅದರ ನಂತರ.