ಮಿಲ್ಟ್ರಿ ಅಜ್ಜನ ಜಪಾನು

ಸಿಂದಗಿ ತಾಲೂಕಿನ ನನ್ನ ತವರೂರಿನಲ್ಲಿ ನಮ್ಮ ಓಣಿಯ ಕೊನೆಯ ಮನೆ ಮಿಲ್ಟ್ರಿ ಅಜ್ಜನದು. ನಾನು ಏಳನೆಯ ಇಯತ್ತೆಯಲ್ಲಿದ್ದಾಗ ಒಂದು ಸಂಜೆ ಕಟ್ಟೆಯ ಮೇಲೆ ಕುಳಿತು ಹಿರೋಷಿಮಾದ ಪಾಠ ಗಟ್ಟಿಯಾಗಿ ಓದುತ್ತಿದ್ದೆ. ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದ ಅಜ್ಜ, "ಆ ಊರಾಗ ನಾ ಅಡ್ಡಾಡೇನವಾ. ಊರೆಲ್ಲಿತ್ತು, ಬರೇ ಬೂದಿ" ಎಂದ. ನಾನು ನಕ್ಕುಬಿಟ್ಟೆ. ಅಜ್ಜ ಮತ್ತೆ ಆ ಮಾತು ಎತ್ತಲಿಲ್ಲ.

ಅಜ್ಜ ಸುಳ್ಳು ಹೇಳಿರಲಿಲ್ಲ ಎಂದು ನನಗೆ ತಿಳಿದದ್ದು ನಾನು ಶಿಕ್ಷಕಿಯಾದ ಮೇಲೆ. 1945ರ ಆಗಸ್ಟ್ 6ರಂದು ಅಣುಬಾಂಬು ಬಿತ್ತು. ಮರುವರ್ಷ ಜಪಾನನ್ನು ಕಾಯಲು ಬ್ರಿಟಿಷ್ ಕಾಮನ್‌ವೆಲ್ತ್ ಪಡೆ ಹೋಯಿತು. ಅದರ ನೆಲೆ ಹಿರೋಷಿಮಾಕ್ಕೆ ಸುಮಾರು 20 ಕಿ.ಮೀ. ದೂರದ ಕುರೆ ಬಂದರು. ಆ ಪಡೆಯಲ್ಲಿ ಭಾರತೀಯ ಸೈನಿಕರಿದ್ದರು. ಅವರ 268ನೆಯ ಬ್ರಿಗೇಡಿಗೆ ನಾಯಕ ನಮ್ಮ ಕೊಡಗಿನ ಕೆ. ಎಸ್. ತಿಮ್ಮಯ್ಯ, ಅದರೊಳಗೆ ಬೆಳಗಾವಿಯಲ್ಲಿ ಕೇಂದ್ರವಿದ್ದ ಮರಾಠಾ ರೆಜಿಮೆಂಟಿನ ಒಂದು ಬೆಟಾಲಿಯನ್ನೂ ಇತ್ತು. ನಮ್ಮ ಅಜ್ಜ ಅದರ ಸಿಪಾಯಿ. 1947ರಲ್ಲಿ ಅವರೆಲ್ಲ ಮರಳಿದರು.

ಅದೇ ನೆಲ ತುಳಿದ ಬೇರೆ ದೇಶದವರ ಕಥೆ ಮುಂದುವರಿಯಿತು. 1946ರ ಜುಲೈ 1ರವರೆಗೆ ಹಿರೋಷಿಮಾ, ನಾಗಾಸಾಕಿಗಳಲ್ಲಿ ಕಾವಲಿದ್ದ ತನ್ನ ಸೈನಿಕರನ್ನೂ ಅಣುಪರೀಕ್ಷೆಗಳಲ್ಲಿ ನಿಂತವರನ್ನೂ ಅಮೆರಿಕ 1988ರಲ್ಲಿ ಒಂದೇ ಕಾಯಿದೆಯೊಳಗೆ ತಂದಿತು. ಕೆಲವು ಬಗೆಯ ಕ್ಯಾನ್ಸರ್ ಬಂದರೆ, ಎಷ್ಟು ವಿಕಿರಣ ತಾಗಿತೆಂದು ಅವರು ಸಾಬೀತು ಮಾಡಬೇಕಿಲ್ಲ. ಆಸ್ಟ್ರೇಲಿಯಾ 2017ರಲ್ಲಿ ಜಪಾನಿಗೆ ಹೋಗಿದ್ದ ತನ್ನವರಿಗೂ, 1950ರ ದಶಕದ ಬ್ರಿಟಿಷ್ ಅಣುಪರೀಕ್ಷೆಗಳಲ್ಲಿ ದುಡಿದವರಿಗೂ ಸರ್ಕಾರಿ ಖರ್ಚಿನಲ್ಲಿ ಚಿಕಿತ್ಸೆಯ ಕಾರ್ಡು ಕೊಟ್ಟಿತು. ಆ ಹೊತ್ತಿಗೆ ಬಹಳ ಮಂದಿ ತೀರಿಹೋಗಿದ್ದರು.

ಅಜ್ಜ ಹೋದದ್ದು ಹೊಟ್ಟೆಯ ಗಡ್ಡೆಯಿಂದ. ಅದಕ್ಕೆ ಜಪಾನೇ ಕಾರಣವೆಂದು ನಾನು ಹೇಳಲಾರೆ. 1946ರ ಹೊತ್ತಿಗೆ ಆ ಮಣ್ಣಿನಲ್ಲಿ ಉಳಿದಿದ್ದ ವಿಕಿರಣ ತೀರ ಕಡಿಮೆ. ಇಷ್ಟು ಮಾತ್ರ ಹೇಳಬಲ್ಲೆ: ಆತ ಎಲ್ಲಿ ಮಲಗಿದ್ದ, ಯಾವ ನೀರು ಕುಡಿದ, ಎಷ್ಟು ದಿನ ಇದ್ದ ಎಂದು ನಮ್ಮ ಓಣಿಯಲ್ಲಿ ಒಬ್ಬರೂ ಕೇಳಲಿಲ್ಲ. ಕೇಳಬಹುದಾಗಿದ್ದ ನಾನು ನಕ್ಕೆ.

ಈಗ ಇಂಡಿ ತಾಲೂಕಿನ ನನ್ನ ಶಾಲೆಯಲ್ಲಿ ಪ್ರತಿ ಆಗಸ್ಟ್ 6ರಂದು ಪಾಠ ನಿಲ್ಲಿಸಿ ಒಂದು ಕೆಲಸ ಕೊಡುತ್ತೇನೆ. ಮನೆಯಲ್ಲಿ ಮಿಲ್ಟ್ರಿಗೆ ಹೋಗಿ ಬಂದವರಿದ್ದರೆ ಹೆಸರು, ಪಲಟಣ, ಹೋದ ಊರು, ಇಸವಿ ಬರೆದುಕೊಂಡು ಬರಬೇಕು. ಮೊದಲ ಪುಟದಲ್ಲಿ ಅಜ್ಜನ ಹೆಸರು ನಾನೇ ಬರೆದಿದ್ದೇನೆ. ಹೋದ ಊರಿನ ಮುಂದೆ 'ಹಿರೋಷಿಮಾ' ಎಂದಿದೆ. ಈ ಸಲ ನಗಲಿಲ್ಲ.