ಯಾವುದರ ಅಂಶ?

ಮೆಕ್ಕೆಜೋಳದ ಸುಗ್ಗಿ ಬಂತೆಂದರೆ ದಾವಣಗೆರೆ, ಹಾವೇರಿ ಕಡೆ ರಸ್ತೆಗಳ ಅರ್ಧ ಭಾಗ ಕಣವಾಗಿಬಿಡುತ್ತದೆ. ಟಾರಿನ ಮೇಲೆ ಹರವಿದ ಹಳದಿ ಕಾಳನ್ನು ಮನೆಮಂದಿ ಕಾಲಲ್ಲೇ ಸಾಲು ಎಳೆದು ತಿರುವಿ ಹಾಕುತ್ತಾರೆ. ಎಲ್ಲರ ಗಮನವೂ ಒಂದೇ ಅಂಕಿಯ ಮೇಲೆ: ಶೇ 14. ವ್ಯಾಪಾರಿ ಪುಟ್ಟ ಯಂತ್ರದ ಬಟ್ಟಲಿಗೆ ಒಂದು ಹಿಡಿ ಕಾಳು ಸುರಿದು ‘ಮಾಯಿಶ್ಚರ್ ಇಪ್ಪತ್ತು’ ಅನ್ನುತ್ತಾನೆ. ‘ಇನ್ನೂ ಹಸಿ ಐತಿ’ ಎಂದು ರೈತನೂ ಒಪ್ಪುತ್ತಾನೆ. ಮರುದಿನದ ಪತ್ರಿಕೆಯಲ್ಲಿ ಅದು ‘ತೇವಾಂಶ’.

ಶೇ 20 ತೇವಾಂಶವಿರುವ ಒಂದು ಕ್ವಿಂಟಲ್ ಕಾಳನ್ನು ಶೇ 14ಕ್ಕೆ ಒಣಗಿಸಿದರೆ ತೂಕ ಎಷ್ಟು ಇಳಿಯುತ್ತದೆ? ಆರು ಕೆ.ಜಿ. ಎಂದು ತಟ್ಟನೆ ಬಾಯಿಗೆ ಬರುತ್ತದೆ. ಇಳಿಯುವುದು ಏಳು ಕೆ.ಜಿ. ನೂರು ಕೆ.ಜಿ.ಯಲ್ಲಿ 20 ಕೆ.ಜಿ. ನೀರು, 80 ಕೆ.ಜಿ. ಒಣ ಕಾಳು. ಬಿಸಿಲು ಎಷ್ಟೇ ಬಿದ್ದರೂ ಆ 80 ಹಾಗೇ ಉಳಿಯುತ್ತದೆ. ಈಗ ಅದು ಒಟ್ಟು ತೂಕದ ಶೇ 86 ಆಗಬೇಕು. ಹಾಗಾಗಲು ಒಟ್ಟು ತೂಕ 93 ಕೆ.ಜಿ.ಗೆ ಇಳಿಯಬೇಕು. ನೀರು ಹೋದಂತೆ ರಾಶಿಯ ಒಟ್ಟು ತೂಕವೂ ಕುಗ್ಗಿತಲ್ಲ, ಆ ಒಂದು ಕೆ.ಜಿ. ಹೋದದ್ದು ಅಲ್ಲಿ. ನೂರು ಕ್ವಿಂಟಲ್ ಬೆಳೆದವನಿಗೆ ಅದು ಒಂದು ಕ್ವಿಂಟಲ್. ‘ಆರು ಪರ್ಸೆಂಟ್ ಕಮ್ಮಿ ಆಗುತ್ತೆ’ ಎಂದು ಲೆಕ್ಕ ಹಾಕಿದವನಿಗೆ ಅದು ಎಲ್ಲಿ ಹೋಯಿತೆಂದೇ ತಿಳಿಯುವುದಿಲ್ಲ.

ಅಂಶ ಎಂದರೆ ಪಾಲು. ಭಿನ್ನರಾಶಿ ಕಲಿಯುವಾಗ ಮೇಲಿನದು ಅಂಶ, ಕೆಳಗಿನದು ಛೇದ ಎಂದು ಎಲ್ಲರೂ ಬಾಯಿಪಾಠ ಮಾಡಿದವರೇ. ಛೇದ ಎಂದರೆ ಕತ್ತರಿಸುವುದು. ಇಡಿಯನ್ನು ಎಷ್ಟು ಹೋಳು ಮಾಡಿದ್ದೇವೆ ಎಂದು ಛೇದ ಹೇಳುತ್ತದೆ, ಅದರಲ್ಲಿ ಎಷ್ಟು ಹೋಳು ನಮ್ಮದು ಎಂದು ಅಂಶ ಹೇಳುತ್ತದೆ. ಒಂದಿಲ್ಲದೆ ಇನ್ನೊಂದಕ್ಕೆ ಅರ್ಥವಿಲ್ಲ. ಆದರೆ ಶಾಲೆ ಮುಗಿದ ಮೇಲೆ ಈ ಜೋಡಿ ಬೇರೆಯಾಯಿತು. ಅಂಶ ಊರೆಲ್ಲ ಸುತ್ತಿತು, ಆಸ್ಪತ್ರೆ, ಹಾಲಿನ ಡೇರಿ, ಹವಾಮಾನ ವರದಿ, ಕಂಪ್ಯೂಟರ್ ಎಲ್ಲಕ್ಕೂ ಹೊಕ್ಕಿತು. ಛೇದ ಪಠ್ಯಪುಸ್ತಕದಲ್ಲೇ ಉಳಿಯಿತು. ವಿಜ್ಞಾನದ ಸಾಮಾನ್ಯ ತಿಳಿವಳಿಕೆಯಲ್ಲಿ ನಮಗಿರುವ ತೊಡಕುಗಳಲ್ಲಿ ಬಹುಪಾಲು ಇಲ್ಲಿಂದಲೇ ಹುಟ್ಟಿವೆ ಎಂಬುದು ನನ್ನ ಗಟ್ಟಿ ನಂಬಿಕೆ.

ಈ ಜೋಡಿಯನ್ನು ಬಹಳ ಪ್ರೀತಿಯಿಂದ ಬಳಸಿದವನು ಮಹಾವೀರಾಚಾರ್ಯ. ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದವನು. ಅವನ ‘ಗಣಿತಸಾರ ಸಂಗ್ರಹ’ ಸುಮಾರು ಕ್ರಿ.ಶ. 850ರದು. ಅದರಲ್ಲಿ ಭಿನ್ನರಾಶಿಗಳಿಗೆಂದೇ ‘ಕಲಾಸವರ್ಣ’ ಎಂಬ ಅಧ್ಯಾಯವಿದೆ. ಆ ಕಾಲದಲ್ಲಿ ಅಂಶವನ್ನು ಮೇಲೆ, ಛೇದವನ್ನು ಕೆಳಗೆ ಬರೆಯುತ್ತಿದ್ದರು, ನಡುವೆ ಗೆರೆ ಇರುತ್ತಿರಲಿಲ್ಲ. ಅಂಶ ಒಂದೇ ಆಗಿರುವ ಭಿನ್ನಗಳನ್ನು ಅವನು ರೂಪಾಂಶಕ ಎನ್ನುತ್ತಾನೆ. ‘ರೂಪ’ ಎಂದರೆ ಒಂದು. ಅಂಥ ಭಿನ್ನಗಳನ್ನೇ ಕೂಡಿಸಿ ಇಡೀ ಒಂದನ್ನು ಪಡೆಯುವುದು ಹೇಗೆ? 1 ಬರೆದುಕೊಳ್ಳಿ, ಮೂರರಿಂದ ಗುಣಿಸುತ್ತ ಹೋಗಿ: 1, 3, 9, 27. ಈಗ ಮೊದಲನೆಯದನ್ನು ಎರಡರಿಂದ, ಕೊನೆಯದನ್ನು ಮೂರನೇ ಎರಡರಿಂದ ಗುಣಿಸಿ. 2, 3, 9, 18 ಸಿಕ್ಕವು. ಇವೇ ಛೇದಗಳು. 1/2, 1/3, 1/9, 1/18 ಕೂಡಿಸಿ ನೋಡಿ, ಸರಿಯಾಗಿ ಒಂದು ಬರುತ್ತದೆ. ನಾಲ್ಕರ ಬದಲು ಹತ್ತು ಭಿನ್ನ ಬೇಕೆಂದರೂ ಇದೇ ದಾರಿ. ಪೆನ್ಸಿಲು ಹಿಡಿದ ಮಗುವಿಗೆ ಇದನ್ನೊಮ್ಮೆ ತೋರಿಸಿಕೊಡಬೇಕು.

ಖಗೋಳದವರ ಅಂಶಕ್ಕೆ ಛೇದ ಎಂದೋ ನಿಗದಿಯಾಗಿದೆ: 360. ವೃತ್ತದಲ್ಲಿ ಹನ್ನೆರಡು ರಾಶಿ, ರಾಶಿಗೆ ಮೂವತ್ತು ಅಂಶ, ಅಂಶಕ್ಕೆ ಅರವತ್ತು ಕಲೆ. ಅಕ್ಷಾಂಶ, ರೇಖಾಂಶಗಳಲ್ಲಿ ಇರುವುದು ಇದೇ ಅಂಶ. ಭೂಮಿ 24 ಗಂಟೆಗೆ 360 ಅಂಶ ತಿರುಗುವುದರಿಂದ ಒಂದು ಅಂಶಕ್ಕೆ ನಾಲ್ಕು ನಿಮಿಷ. ಭಾರತದ ಗಡಿಯಾರ ನಿಂತಿರುವುದು 82.5 ಅಂಶದ ರೇಖೆಯ ಮೇಲೆ. ಮಂಗಳೂರು ಇರುವುದು 75ಕ್ಕೆ ತುಸು ಈಚೆ. ಏಳೂವರೆ ಅಂಶಕ್ಕೂ ಹೆಚ್ಚು ವ್ಯತ್ಯಾಸ, ಅರ್ಧ ಗಂಟೆ. ಹಾಗಾಗಿ ಮಂಗಳೂರಿನಲ್ಲಿ ಗಡಿಯಾರ ಹನ್ನೆರಡು ತೋರಿಸಿ ಸುಮಾರು ಅರ್ಧ ಗಂಟೆಯಾದ ಮೇಲೆ ನಿಜವಾದ ನಡುಹಗಲು.

ಉಷ್ಣಾಂಶದಲ್ಲಿ ಮಾತ್ರ ಈ ಪದ ಎಡವುತ್ತದೆ. ಸ್ವೀಡನ್ನಿನ ಆಂಡರ್ಸ್ ಸೆಲ್ಸಿಯಸ್ 1742ರಲ್ಲಿ ನೀರು ಕುದಿಯುವುದಕ್ಕೂ ಹೆಪ್ಪುಗಟ್ಟುವುದಕ್ಕೂ ನಡುವಿನ ಅಂತರವನ್ನು ನೂರು ಪಾಲು ಮಾಡಿದ. ಅವನ ಲೆಕ್ಕದಲ್ಲಿ ಕುದಿಯುವುದು ಸೊನ್ನೆ, ಹೆಪ್ಪುಗಟ್ಟುವುದು ನೂರು. ಅವನು ತೀರಿಕೊಂಡ ಮೇಲೆ ಉಳಿದವರು ಅದನ್ನು ತಿರುಗಿಸಿಕೊಂಡರು. ಫ್ಯಾರನ್‌ಹೀಟ್ ಮಾಪನದಲ್ಲಿ ಇದೇ ಅಂತರಕ್ಕೆ 180 ಪಾಲು, 32ರಿಂದ 212ರವರೆಗೆ. ಸೊನ್ನೆ ಎಲ್ಲಿರಬೇಕೆಂಬುದನ್ನು ಮನುಷ್ಯರೇ ತೀರ್ಮಾನಿಸಿದ್ದು. ಹೀಗಿರುವಾಗ 20 ಡಿಗ್ರಿ ಎಂಬುದು 10 ಡಿಗ್ರಿಯ ಇಮ್ಮಡಿ ಬಿಸಿ ಆಗುವುದಿಲ್ಲ. ನಿಜವಾದ ಸೊನ್ನೆಯಿಂದ ಎಣಿಸುವ ಕೆಲ್ವಿನ್ ಮಾಪನದಲ್ಲಿ ಅವು 293 ಮತ್ತು 283. ಹೆಚ್ಚಳ ಶೇ 3.5 ಮಾತ್ರ. 1967ರಿಂದ ಕೆಲ್ವಿನ್ ಜೊತೆ ‘ಡಿಗ್ರಿ’ ಎಂದು ಬರೆಯುವುದನ್ನೇ ಬಿಟ್ಟಿದ್ದಾರೆ. ನನಗೆ ಉಷ್ಣಾಂಶಕ್ಕಿಂತ ‘ತಾಪಮಾನ’ ಸರಿಯೆನಿಸುತ್ತದೆ.

ಫಲಿತಾಂಶ, ಸಾರಾಂಶ, ಮುಖ್ಯಾಂಶ ಇವೆಲ್ಲ ಬಳಕೆಯಲ್ಲಿ ಸವೆದು ನಯವಾದ ಮಾತುಗಳು, ಅಲ್ಲಿ ಪಾಲಿನ ಲೆಕ್ಕ ಯಾರೂ ಕೇಳುವುದಿಲ್ಲ. ಕಂಪ್ಯೂಟರಿನ ಜೊತೆ ಬಂದ ತಂತ್ರಾಂಶ, ಯಂತ್ರಾಂಶಗಳು ಬೇರೆ. ಕಣ್ಣಿಗೆ ಕಾಣುವ ಯಂತ್ರ ಒಂದು ಪಾಲು, ಅದನ್ನು ನಡೆಸುವ ಸೂಚನೆಗಳು ಇನ್ನೊಂದು ಪಾಲು, ಎರಡೂ ಕೂಡಿದರೆ ಇಡೀ ಕಂಪ್ಯೂಟರು. ಈ ಪದಗಳನ್ನು ಕಟ್ಟಿದವರಿಗೆ ವಿಷಯ ಚೆನ್ನಾಗಿ ಗೊತ್ತಿತ್ತು.

ಹವಾಮಾನ ವರದಿಯ ತೇವಾಂಶ ಮೆಕ್ಕೆಜೋಳದ ತೇವಾಂಶಕ್ಕೆ ಸಂಬಂಧವೇ ಇಲ್ಲದ್ದು. ಬೆಳಿಗ್ಗೆ ಶೇ 90 ಎಂದಾಗ ಗಾಳಿಯಲ್ಲಿ ಹತ್ತಕ್ಕೆ ಒಂಬತ್ತು ಪಾಲು ನೀರಿದೆ ಎಂದು ತಿಳಿಯಬಾರದು. ಆ ಹೊತ್ತಿನ ತಾಪಮಾನದಲ್ಲಿ ಅಲ್ಲಿ ಎಷ್ಟು ನೀರಾವಿ ಇರಲು ಸಾಧ್ಯವೋ ಅದು ಇಲ್ಲಿನ ಛೇದ. 20 ಡಿಗ್ರಿಯಲ್ಲಿ ಒಂದು ಘನ ಮೀಟರಿಗೆ ಸುಮಾರು 17 ಗ್ರಾಂ, 30 ಡಿಗ್ರಿಯಲ್ಲಿ ಸುಮಾರು 30 ಗ್ರಾಂ. ಗಾಳಿಯಲ್ಲಿ 15 ಗ್ರಾಂ ಆವಿ ಇದ್ದರೆ ಬೆಳಗಿನ ಲೆಕ್ಕ ಶೇ 90ರ ಹತ್ತಿರ, ಮಧ್ಯಾಹ್ನದ ಲೆಕ್ಕ ಶೇ 50. ಆವಿ ಒಂದು ಗ್ರಾಮೂ ಕಡಿಮೆಯಾಗಿಲ್ಲ.

ರಕ್ತ ಪರೀಕ್ಷೆಯ ಚೀಟಿ ಹಿಡಿದು ಗಾಬರಿಯಾಗುವವರಿಗೂ ‘ಯಾವುದರ ಅಂಶ?’ ಎಂಬ ಪ್ರಶ್ನೆಯೇ ನೆರವಾಗುತ್ತದೆ. ಖಾಲಿ ಹೊಟ್ಟೆಯ ಶುಗರ್ 100 ಎಂದರೆ ನೂರು ಮಿಲಿಲೀಟರಿಗೆ ನೂರು ಮಿಲಿಗ್ರಾಂ. ಐದು ಲೀಟರ್ ರಕ್ತಕ್ಕೆ ಸುಮಾರು ಐದು ಗ್ರಾಂ, ಒಂದು ಟೀ ಚಮಚದಷ್ಟು. ‘ಮೂರು ತಿಂಗಳ ಶುಗರ್’ ಎಂದು ಜನ ಕರೆಯುವ ಪರೀಕ್ಷೆಯಲ್ಲಿ 6.5 ಎಂದಿದ್ದರೆ ಅದು ರಕ್ತದ ಪಾಲು ಕೂಡ ಅಲ್ಲ. ಒಟ್ಟು ಹಿಮೋಗ್ಲೋಬಿನ್ನಿನಲ್ಲಿ ಶೇ 6.5ರಷ್ಟಕ್ಕೆ ಸಕ್ಕರೆ ಅಂಟಿಕೊಂಡಿದೆ ಎಂದು ಅರ್ಥ. ಕೆಂಪು ರಕ್ತಕಣದ ಆಯುಸ್ಸು ಸುಮಾರು ನಾಲ್ಕು ತಿಂಗಳು, ಅದಕ್ಕೇ ಆ ಅಂಕಿಗೆ ಹಿಂದಿನ ದಿನಗಳ ನೆನಪಿರುತ್ತದೆ. ಎರಡು ಚೀಟಿಯ ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟು ಹೋಲಿಸಿ ಹೆದರುವವರನ್ನು ಕಂಡರೆ ಸಂಕಟವಾಗುತ್ತದೆ. ಅವರಿಗೆ ಛೇದವನ್ನು ಯಾರೂ ಹೇಳಿಲ್ಲ.

ಎಲ್ಲಕ್ಕಿಂತ ಹೆಚ್ಚು ಕಾಡುವುದು ನೀರಿನ ಫ್ಲೋರೈಡ್ ಅಂಶ. ಪಾವಗಡದಂಥ ಕಡೆಗಳಲ್ಲಿ ಆಳದ ಕೊಳವೆಬಾವಿಯ ನೀರು ಕುಡಿದು ಹಲ್ಲು ಕಂದಿದವರು, ಮೂಳೆ ಬಿಗಿದವರು ಇದ್ದಾರೆ. ಭಾರತೀಯ ಮಾನಕದ ಪ್ರಕಾರ ಲೀಟರಿಗೆ ಒಂದು ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ ಒಂದೂವರೆವರೆಗೆ ನಡೆಯುತ್ತದೆ. 12,000 ಲೀಟರಿನ ಟ್ಯಾಂಕರಿನಲ್ಲಿ 18 ಗ್ರಾಂ ಇದ್ದರೆ ಅಲ್ಲಿಗೆ ಮಿತಿ ಮುಟ್ಟಿತು. ನಾಲಿಗೆಗೆ ಅದರ ರುಚಿ ಗೊತ್ತಾಗುವುದಿಲ್ಲ. ಮಕ್ಕಳ ಶಾಶ್ವತ ಹಲ್ಲಿನ ಹೊರಪದರ ಸುಮಾರು ಎಂಟು ವರ್ಷದವರೆಗೆ ಒಳಗೇ ರೂಪುಗೊಳ್ಳುತ್ತಿರುತ್ತದೆ, ಕಲೆ ಬೀಳುವುದು ಆ ವಯಸ್ಸಿನಲ್ಲಿ. ಇಂಥ ಕಡೆ ‘ನೀರು ಕಾಯಿಸಿ ಕುಡಿಯಿರಿ’ ಎಂದಷ್ಟೇ ಹೇಳಿ ಕಳಿಸುವುದು ಸಾಲದು. ಕಾಯಿಸಿದರೆ ರೋಗಾಣು ಸಾಯುತ್ತವೆ, ಫ್ಲೋರೈಡ್ ಆವಿಯಾಗಿ ಹೋಗುವುದಿಲ್ಲ. ಲೀಟರಿಗೆ 1.5 ಮಿಲಿಗ್ರಾಂ ಇರುವ ಎರಡು ಲೀಟರ್ ನೀರನ್ನು ಕುದಿಸಿ ಒಂದೂವರೆ ಲೀಟರಿಗೆ ಇಳಿಸಿದರೆ ಒಳಗಿರುವ 3 ಮಿಲಿಗ್ರಾಂ ಹಾಗೇ ಇರುತ್ತದೆ, ಲೀಟರಿಗೆ ಈಗ 2 ಮಿಲಿಗ್ರಾಂ. ಅಂಥ ಊರುಗಳಲ್ಲಿ ಕುಡಿಯಲು, ಅಡುಗೆಗೆ ಮಳೆ ನೀರು ಹಿಡಿದಿಡಬೇಕು, ಇಲ್ಲವೇ ಆರ್‌ಒ ಘಟಕದಿಂದ ತರಬೇಕು.